ಮಂಡಿ ಬಗ್ಗದವರಿಗೂ ಬಚ್ಚಲುಮನೆ

ಧರ್ಮಪುರಿ ಸೀಮೆಯ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು ಎಂಬುದು ಹಳೆಯ ಸಂಗತಿ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಸಿಗದ ಕಡೆ 1.5 ಎಂದು ಭಾರತೀಯ ಮಾನಕ ಹೇಳುತ್ತದೆ. ಇದಕ್ಕಿಂತ ಬಹಳ ಹೆಚ್ಚಿರುವ ನೀರನ್ನು ವರ್ಷಗಟ್ಟಲೆ ಕುಡಿದವರ ಬೆನ್ನು, ಕುತ್ತಿಗೆ, ಮಂಡಿ ಬಿಗಿದುಕೊಳ್ಳುತ್ತವೆ. (ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿದಷ್ಟೂ ಅದರ ಪ್ರಮಾಣ ಏರುತ್ತದೆ.) 2013ರಲ್ಲಿ ಹೊಗೇನಕಲ್ ಯೋಜನೆಯ ಕಾವೇರಿ ನೀರು ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳಿಗೆ ಬಂತು. ಆದರೆ ಮೊದಲೇ ಬಿಗಿದ ಬೆನ್ನು ಹೊಸ ನೀರಿನಿಂದ ಸಡಿಲವಾಗದು. ಅಂಥ ಹಿರಿಯರು ದಿನವೂ ಕುಕ್ಕರಗಾಲಿನಲ್ಲಿ ಕೂತು ಏಳುವುದು ಹೇಗೆಂದು ನಮ್ಮಲ್ಲಿ ಯೋಚಿಸುವವರು ಕಡಿಮೆ.

ಕಕ್ಕಸನ್ನು ಒಡೆದು ಹೊಸದಾಗಿ ಕಟ್ಟಲೇಬೇಕೆಂದಿಲ್ಲ. ನಡುವೆ ತೂತಿರುವ ಗಟ್ಟಿ ಕುರ್ಚಿಯನ್ನು ಗುಂಡಿಯ ಮೇಲಿಟ್ಟರೂ ಆದೀತು. ಕಾಲುಗಳಿಗೆ ರಬ್ಬರ್ ಬುಷ್ ಇರಲಿ. ಹೊಸದಾಗಿ ಕೂರಿಸುವುದಾದರೆ ಪೀಠ ನೆಲದಿಂದ 45ರಿಂದ 48 ಸೆಂಟಿಮೀಟರ್ ಎತ್ತರವಿರಲಿ. ತೀರ ತಗ್ಗಾದರೆ ಏಳುವಾಗ ಮಂಡಿಗೆ ಭಾರ.

ಹಿಡಿಕೆಯ ವಿಷಯದಲ್ಲೇ ಹೆಚ್ಚಿನವರು ಎಡವುವುದು. ಟವೆಲ್ ಹಾಕುವ ಸರಳು ಮನುಷ್ಯನ ಭಾರ ತಡೆಯುವುದಿಲ್ಲ; ಜಾರಿದವರು ಅದನ್ನೇ ಹಿಡಿದರೆ ಸರಳಿನೊಡನೆ ಕೆಳಗೆ ಬೀಳುತ್ತಾರೆ. ಒಂದೂಕಾಲು ಅಂಗುಲದ ಜಿ.ಐ. ಪೈಪನ್ನು ಗೋಡೆಯೊಳಗೆ ಕಾಂಕ್ರೀಟಿನಲ್ಲಿ ಹೂತು ನಿಲ್ಲಿಸಿ. ಮಣ್ಣಿನ ಗೋಡೆಯಾದರೆ ಅದನ್ನು ನಂಬಬೇಡಿ, ನೆಲದಿಂದಲೇ ಪೈಪು ಎಬ್ಬಿಸಿ. ಗೋಡೆಗೂ ಪೈಪಿಗೂ ನಡುವೆ ಬೆರಳುಗಳು ಸಲೀಸಾಗಿ ಹೋಗುವಷ್ಟು ಜಾಗ ಬಿಡಿ.

ಕೃಷ್ಣಗಿರಿ ಗ್ರಾನೈಟಿನ ಸೀಮೆ. ಹೊಳಪಿನ ತುಂಡುಕಲ್ಲು ಅಗ್ಗವಾಗಿ ಸಿಕ್ಕಿತೆಂದು ಬಚ್ಚಲಿಗೆ ಹಾಸಬೇಡಿ. ಸೋಪಿನ ನೀರು ಬಿದ್ದರೆ ಅದು ಎಣ್ಣೆ ಸವರಿದಂತೆಯೇ. ಒರಟು ಕಲ್ಲು ಅಥವಾ ಗೀರು ಹಾಕಿದ ಸಿಮೆಂಟು ನೆಲ ನೋಡಲು ಸಾದಾ ಆದರೂ ನಮ್ಮ ಮತ ಅದಕ್ಕೇ. ಪಾಚಿಯನ್ನು ವಾರಕ್ಕೊಮ್ಮೆ ಉಜ್ಜಿ ತೆಗೆಯಿರಿ.

ಬಾಗಿಲು ಹೊರಕ್ಕೆ ತೆರೆಯಬೇಕು. ಒಳಗೆ ಬಿದ್ದವರ ಮೈ ಅಡ್ಡವಿದ್ದರೆ ಒಳಕ್ಕೆ ತೆರೆಯುವ ಬಾಗಿಲನ್ನು ದೂಡಲಾಗದು. ಚಿಲಕವೂ ಹೊರಗಿನಿಂದ ತೆಗೆಯುವಂತಿರಲಿ. ಬಚ್ಚಲು ಹಿತ್ತಲಲ್ಲಿದ್ದರೆ ದಾರಿಯಲ್ಲಿ ರಾತ್ರಿ ದೀಪ ಬೇಕು. ಹೊಸ್ತಿಲಿನ ಮೆಟ್ಟಿಲನ್ನು ಇಳಿಜಾರು ಮಾಡುವಾಗ ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಎಂಬುದು ಲೆಕ್ಕ.

ಗಾರೆಯವನು ಪೈಪು ಕೂರಿಸುವ ಮುನ್ನ ಅಜ್ಜನನ್ನೋ ಅಜ್ಜಿಯನ್ನೋ ಕುರ್ಚಿಯಲ್ಲಿ ಕೂರಿಸಿ, ಎದ್ದು ನಿಲ್ಲಲು ಹೇಳಿ. ಅವರ ಕೈ ತಾನಾಗಿ ಗೋಡೆ ಮುಟ್ಟಿದ ಕಡೆ ಸೀಮೆಸುಣ್ಣದಿಂದ ಗುರುತು ಹಾಕಿ. ಪೈಪು ಅಲ್ಲಿಗೇ ಬರಬೇಕು.