ಹಳೆಯ ಡೆಸ್ಕ್‌ಟಾಪ್‌ಗೆ ಹೊಸ ಕಸುವು: ಆಟಕ್ಕೂ ಪಾಠಕ್ಕೂ ಒದಗುವ ಕ್ರಮ

ಹಾಲಹರವಿಯಿಂದ ಒಂದು ದಿಕ್ಕಿಗೆ ಹೊರಟರೆ ಆದವಾನಿ, ಇನ್ನೊಂದು ದಿಕ್ಕಿಗೆ ಬಳ್ಳಾರಿ. ಈ ಭಾಗದ ಅನೇಕ ಮನೆಗಳಿಗೆ ಕಂಪ್ಯೂಟರ್ ಬರುವುದು ಈ ಎರಡು ಊರುಗಳ ಅಂಗಡಿಗಳಿಂದ. ಅದೂ ಯಾವುದೋ ಕಚೇರಿಯಲ್ಲಿ ಐದಾರು ವರ್ಷ ದುಡಿದು ಬಿಡುಗಡೆಯಾದ ಸೆಕೆಂಡ್‌ಹ್ಯಾಂಡ್ ಡೆಸ್ಕ್‌ಟಾಪ್. ಕನ್ನಡ ಟೈಪಿಂಗ್, ಪಠ್ಯಪುಸ್ತಕದ ಪಿಡಿಎಫ್, ದೀಕ್ಷಾ ಜಾಲತಾಣದ ಪಾಠ ಇವಕ್ಕೆಲ್ಲ ಹೇಗೋ ಒದಗುವ ಆ ಯಂತ್ರ, ಮಕ್ಕಳು ರಜೆಯಲ್ಲಿ ಮೈನ್‌ಕ್ರಾಫ್ಟ್ ಆಟಕ್ಕೆ ನೂರಾರು ‘ಮಾಡ್’ಗಳನ್ನು ತುಂಬಿದೊಡನೆ ಏದುಸಿರು ಬಿಡತೊಡಗುತ್ತದೆ. ಆಗ ಕೇಳಿಬರುವ ಬೇಡಿಕೆ ಒಂದೇ: ಹೊಸ ಕಂಪ್ಯೂಟರ್.

ಬೇಡಿಕೆಯನ್ನು ಗದರಿ ತಳ್ಳಿಹಾಕುವುದೂ ಸುಲಭ, ಸಾಲ ಮಾಡಿ ಪೂರೈಸುವುದೂ ಸುಲಭ. ಇವೆರಡರ ನಡುವೆ ಮೂರನೆಯ ದಾರಿಯೊಂದಿದೆ. ಹಳೆಯ ಯಂತ್ರದ ಕುಂದನ್ನು ಅಳೆದು, ಒಂದೊಂದಾಗಿ, ಸರಿಯಾದ ಕ್ರಮದಲ್ಲಿ ಸರಿಪಡಿಸುವುದು. ಆ ಕ್ರಮವನ್ನು ಪಾಲಿಸಿದರೆ ಮೊದಲು ಖರ್ಚಾಗುವ ಹಣ ಆಟಕ್ಕೂ ಪಾಠಕ್ಕೂ ಸಮನಾಗಿ ಸಲ್ಲುತ್ತದೆ. ಆಟಕ್ಕೆ ಮಾತ್ರ ಸಲ್ಲುವ ಖರ್ಚು ಕೊನೆಗೆ ಉಳಿಯುತ್ತದೆ. ಎಲ್ಲಿ ನಿಲ್ಲಬೇಕೆಂಬುದನ್ನು ಮನೆಯವರು ತಮ್ಮ ಕೈಲಾದಷ್ಟು ನೋಡಿಕೊಂಡು ನಿರ್ಧರಿಸಬಹುದು.

ಯಂತ್ರ ಏಕೆ ಬಳಲುತ್ತದೆ?

ಮೈನ್‌ಕ್ರಾಫ್ಟ್ ಸ್ವೀಡನ್ ದೇಶದ ಮೊಜಾಂಗ್ ಸಂಸ್ಥೆಯ ಆಟ. ಪೂರ್ಣರೂಪದಲ್ಲಿ ಬಿಡುಗಡೆಯಾದದ್ದು 2011ರಲ್ಲಿ. ಇದರ ಜಾವಾ ಆವೃತ್ತಿಯ ಭಾಷಾಪಟ್ಟಿಯಲ್ಲಿ ಕನ್ನಡವೂ ಇರುವುದು ಕನ್ನಡ ಮಾಧ್ಯಮದ ಮಕ್ಕಳಿಗೆ ಸಂತೋಷದ ಸಂಗತಿ. ‘ಮಾಡ್’ ಎಂಬುದು ಕಿವಿಗೆ ಕನ್ನಡದ ‘ಮಾಡು’ ಎಂಬಂತೆಯೇ ಕೇಳಿಸಿದರೂ ಅದು ಮಾಡಿಫಿಕೇಷನ್ ಎಂಬ ಪದದ ಮೊಟಕು. ಮೂಲ ಆಟಕ್ಕೆ ಹೊಸ ಪ್ರಾಣಿ, ಹೊಸ ಯಂತ್ರ, ಹೊಸ ಲೋಕಗಳನ್ನು ಸೇರಿಸಲು ಅಭಿಮಾನಿಗಳೇ ರಚಿಸಿದ ಕಡತಗಳಿವು. ಒಂದೆರಡು ಮಾಡ್‌ಗಳಿಂದ ಯಂತ್ರಕ್ಕೆ ತೊಂದರೆಯಿಲ್ಲ. ನೂರಿನ್ನೂರು ಒಟ್ಟಿಗೆ ಸೇರಿದಾಗ ಅವೆಲ್ಲವನ್ನೂ ಹಾರ್ಡ್‌ಡಿಸ್ಕ್‌ನಿಂದ ಓದಿ ರ‍್ಯಾಮ್‌ನಲ್ಲಿ ತುಂಬಿಕೊಳ್ಳಬೇಕಾಗುತ್ತದೆ. ರ‍್ಯಾಮ್ ಸಾಲದಾದಾಗ ವಿಂಡೋಸ್ ಹಾರ್ಡ್‌ಡಿಸ್ಕ್‌ನ ಒಂದು ಭಾಗವನ್ನು ರ‍್ಯಾಮ್‌ನಂತೆ ಬಳಸತೊಡಗುತ್ತದೆ. ಹಾರ್ಡ್‌ಡಿಸ್ಕ್‌ನ ವೇಗ ರ‍್ಯಾಮ್‌ನ ವೇಗದ ಹತ್ತಿರಕ್ಕೂ ಬಾರದು. ಆಟ ತಡವರಿಸುವುದು ಅಲ್ಲಿಯೇ.

ತಡವರಿಕೆಯಲ್ಲಿ ಎರಡು ಬಗೆ. ಚೆನ್ನಾಗಿ ಓಡುತ್ತಿದ್ದ ಆಟ ನಡುನಡುವೆ ಕ್ಷಣಕಾಲ ಕಲ್ಲಾಗಿ ನಿಂತರೆ ಸಂಶಯಿಸಬೇಕಾದದ್ದು ರ‍್ಯಾಮ್ ಅಥವಾ ಡಿಸ್ಕನ್ನು. ಆರಂಭದಿಂದ ಕೊನೆಯವರೆಗೂ ಒಂದೇ ಸಮನೆ ಮಂದವಾಗಿದ್ದರೆ ಪ್ರೊಸೆಸರ್ ಅಥವಾ ಗ್ರಾಫಿಕ್ಸನ್ನು.

ಮೊದಲು ಅಳತೆ

ಸಂಶಯವನ್ನು ಖಚಿತಪಡಿಸಿಕೊಳ್ಳಲು ಅಂಗಡಿಗೆ ಹೋಗಬೇಕಿಲ್ಲ. ಆಟ ನಡೆಯುತ್ತಿರುವಾಗಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅಲ್ಲಿನ ಪರ್ಫಾರ್ಮೆನ್ಸ್ ಪುಟದಲ್ಲಿ ಮೆಮೊರಿ ಶೇ. 90ನ್ನು ದಾಟಿ, ಡಿಸ್ಕ್ ಶೇ. 100ಕ್ಕೆ ಅಂಟಿಕೊಂಡಿದ್ದರೆ ರೋಗ ತಿಳಿದಂತೆ.

ಪ್ರೊಸೆಸರ್‌ನ ಅಂಕಿ ಮಾತ್ರ ಮೋಸಗೊಳಿಸಬಲ್ಲದು. ಈ ಆಟದ ಮುಖ್ಯ ಕೆಲಸವೆಲ್ಲ ಒಂದೇ ಕೋರ್‌ನ ಮೇಲೆ ಬೀಳುವುದರಿಂದ, ನಾಲ್ಕು ಕೋರ್‌ಗಳ ಪ್ರೊಸೆಸರ್ ಒಟ್ಟು ಶೇ. 25 ಎಂದು ತೋರಿಸುತ್ತಿದ್ದಾಗಲೂ ಆ ಒಂದು ಕೋರ್ ಪೂರ್ತಿ ದಣಿದಿರಬಹುದು. ಆಟದೊಳಗೆ ಎಫ್3 ಕೀಲಿಯನ್ನು ಒತ್ತಿದರೆ ಸೆಕೆಂಡಿಗೆ ಎಷ್ಟು ಚಿತ್ರಗಳು ಮೂಡುತ್ತಿವೆ, ಆಟಕ್ಕೆ ಮೀಸಲಾದ ಮೆಮೊರಿಯಲ್ಲಿ ಎಷ್ಟು ಖರ್ಚಾಗಿದೆ ಎಂಬುದೂ ಕಾಣುತ್ತದೆ. ಇದನ್ನು ಮಕ್ಕಳಿಂದಲೇ ಬರೆಯಿಸಿ ಇಡುವುದು ಲೇಸು; ಪ್ರತಿ ಬದಲಾವಣೆಯ ಫಲವನ್ನು ಹೋಲಿಸಿ ನೋಡಲು ಆಧಾರವಾಗುತ್ತದೆ.

ಹಣವಿಲ್ಲದ ಚಿಕಿತ್ಸೆ

ಆದವಾನಿ ಹತ್ತಿಯ ಪೇಟೆ; ಸುತ್ತಲ ಊರುಗಳದು ಬಿರುಬೇಸಿಗೆಯ ಒಣನೆಲ. ಹತ್ತಿಯ ಎಳೆ, ಹೊಲದ ದೂಳು ಎರಡೂ ಸೇರಿ ಪ್ರೊಸೆಸರ್‌ನ ಫ್ಯಾನಿಗೆ ಕಂಬಳಿ ಹೊದಿಸಿದಂತಾಗಿರುತ್ತದೆ. ಬಿಸಿ ಮಿತಿಮೀರಿದಾಗ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಆದುದರಿಂದ ವಿದ್ಯುತ್ ತಂತಿಯನ್ನು ಕಿತ್ತಿಟ್ಟು, ಮೆದುವಾದ ಬ್ರಷ್‌ನಿಂದ ದೂಳು ತೆಗೆಯುವುದು ಮೊದಲ ಹೆಜ್ಜೆ. ವರ್ಷಗಟ್ಟಲೆ ಬದಲಿಸದ ಥರ್ಮಲ್ ಪೇಸ್ಟ್ ಒಣಗಿದ್ದರೆ ಅದನ್ನು ಹೊಸದಾಗಿ ಹಚ್ಚಿಸಬೇಕು.

ಎರಡನೆಯದು ಆಟದ ಸೆಟ್ಟಿಂಗ್. ಆಟಗಾರನ ಸುತ್ತ ಎಷ್ಟು ದೂರದವರೆಗಿನ ಲೋಕವನ್ನು ಚಿತ್ರಿಸಬೇಕೆಂಬುದನ್ನು ‘ರೆಂಡರ್ ಡಿಸ್ಟೆನ್ಸ್’ ನಿರ್ಧರಿಸುತ್ತದೆ. ಅದು 16 ಇದ್ದಾಗ ಉದ್ದ ಅಗಲಕ್ಕೆ 33ರಂತೆ 1,089 ತುಂಡು ನೆಲವನ್ನು ಯಂತ್ರ ಹೊರಬೇಕು. 8ಕ್ಕೆ ಇಳಿಸಿದರೆ 17ರಂತೆ 289 ಮಾತ್ರ. ದೂರ ಅರ್ಧವಾದರೆ ಹೊರೆ ಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ. ಚಿತ್ರಣದ ಭಾರವನ್ನು ಹಗುರಗೊಳಿಸಲೆಂದೇ ರಚಿತವಾದ ‘ಸೋಡಿಯಂ’ನಂತಹ ಮಾಡ್‌ಗಳೂ ಉಂಟು.

ಮೂರನೆಯದು ಮೆಮೊರಿಯ ಹಂಚಿಕೆ. ಆಟದ ಲಾಂಚರ್ ಬಹುಕಾಲ 2 ಜಿಬಿಯಷ್ಟನ್ನೇ ಆಟಕ್ಕೆ ಮೀಸಲಿಡುತ್ತಿತ್ತು. ದೊಡ್ಡ ಮಾಡ್ ಕಟ್ಟುಗಳಿಗೆ ಅದು ಸಾಲದು. 8 ಜಿಬಿ ಇರುವ ಯಂತ್ರದಲ್ಲಿ 4 ಜಿಬಿಯಷ್ಟನ್ನು ಕೊಟ್ಟು ಉಳಿದುದನ್ನು ವಿಂಡೋಸ್‌ಗೆ ಬಿಡುವುದು ಹದ. ಇದ್ದುದೆಲ್ಲವನ್ನೂ ಆಟಕ್ಕೆ ಸುರಿದರೆ ವಿಂಡೋಸ್ ಉಸಿರುಕಟ್ಟಿ, ಆಟವೂ ನಿಲ್ಲುತ್ತದೆ.

ಹಣ ಹಾಕುವ ಕ್ರಮ

ಮೊದಲ ಖರ್ಚು ಎಸ್‌ಎಸ್‌ಡಿ. ತಿರುಗುವ ತಟ್ಟೆಯ ಹಳೆಯ ಹಾರ್ಡ್‌ಡಿಸ್ಕ್ ಚದುರಿದ ಸಣ್ಣ ಕಡತಗಳನ್ನು ಸೆಕೆಂಡಿಗೆ ನೂರರ ಆಸುಪಾಸಿನಲ್ಲಿ ಮಾತ್ರ ಹುಡುಕಿ ತರಬಲ್ಲದು. ಸಾಟಾ ಎಸ್‌ಎಸ್‌ಡಿ ಅದೇ ಕೆಲಸವನ್ನು ಸಾವಿರಾರು ಪಟ್ಟು ಸಂಖ್ಯೆಯಲ್ಲಲ್ಲದಿದ್ದರೂ ನೂರಾರು ಪಟ್ಟು ಬೇಗ ಮುಗಿಸುತ್ತದೆ. ಮಾಡ್‌ಗಳೆಂದರೆ ಇಂತಹ ಸಣ್ಣ ಕಡತಗಳ ರಾಶಿಯೇ. ಹಳೆಯ ಹಾರ್ಡ್‌ಡಿಸ್ಕನ್ನು ಎಸೆಯಬೇಕಿಲ್ಲ. ಫೋಟೊ, ಪಾಠದ ವಿಡಿಯೊಗಳಿಗೆ ಉಗ್ರಾಣವಾಗಿ ಒಳಗೇ ಇರಲಿ.

ಎರಡನೆಯ ಖರ್ಚು ರ‍್ಯಾಮ್. ಡಿಡಿಆರ್3 ಮತ್ತು ಡಿಡಿಆರ್4 ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಮದರ್‌ಬೋರ್ಡ್ ಯಾವುದನ್ನು ಒಪ್ಪುತ್ತದೆಂದು ತಿಳಿದೇ ಕೊಳ್ಳಬೇಕು. 8 ಜಿಬಿಯ ಒಂದೇ ಪಟ್ಟಿಗಿಂತ 4 ಜಿಬಿಯ ಎರಡು ಪಟ್ಟಿಗಳು ಮೇಲು; ಎರಡು ಕಾಲುವೆಗಳಲ್ಲಿ ದತ್ತಾಂಶ ಹರಿಯುತ್ತದೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರಗಳಿಗೆ ಇದರ ಲಾಭ ಹೆಚ್ಚು, ಏಕೆಂದರೆ ಅಲ್ಲಿ ಚಿತ್ರಣಕ್ಕೂ ಇದೇ ರ‍್ಯಾಮ್ ದುಡಿಯುತ್ತದೆ. 32-ಬಿಟ್ ವಿಂಡೋಸ್ ಇದ್ದರೆ 4 ಜಿಬಿಗೆ ಮೇಲ್ಪಟ್ಟದ್ದು ವ್ಯರ್ಥ; 64-ಬಿಟ್‌ಗೆ ಬದಲಿಸಿಕೊಳ್ಳಬೇಕು.

ಈ ಎರಡು ಖರ್ಚುಗಳಿಂದ ಪಿಡಿಎಫ್ ತೆರೆಯುವುದೂ ಬ್ರೌಸರ್ ಓಡುವುದೂ ಚುರುಕಾಗುತ್ತವೆ. ಮೂರನೆಯದಾದ ಗ್ರಾಫಿಕ್ಸ್ ಕಾರ್ಡ್ ಬಹುಪಾಲು ಆಟಕ್ಕಷ್ಟೇ. ಮದರ್‌ಬೋರ್ಡಿನ ಗ್ರಾಫಿಕ್ಸ್ ಸ್ಲಾಟ್ ಕೊಡಬಲ್ಲ ವಿದ್ಯುತ್ತಿನ ಮಿತಿ 75 ವ್ಯಾಟ್. ಎನ್ವಿಡಿಯಾದ ಜಿಟಿ 1030 ಕಾರ್ಡಿಗೆ ಸುಮಾರು 30, ಜಿಟಿಎಕ್ಸ್ 1050 ಟಿಐಗೆ 75 ವ್ಯಾಟ್ ಸಾಕು. ಅದಕ್ಕೂ ಮೇಲಿನ ಕಾರ್ಡುಗಳಿಗೆ ಎಸ್‌ಎಂಪಿಎಸ್‌ನಿಂದಲೇ ಬೇರೆ ತಂತಿ ಬೇಕು. ಹಳೆಯ ಅಥವಾ ಹೆಸರಿಲ್ಲದ ಅಗ್ಗದ ಎಸ್‌ಎಂಪಿಎಸ್ ಮೇಲೆ ಇಂತಹ ಭಾರ ಹೇರಿದರೆ ಅದು ಸುಡುವಾಗ ಮದರ್‌ಬೋರ್ಡನ್ನೂ ಸುಡಬಹುದು. ಕಚೇರಿಯಿಂದ ಬಂದ ಸಣ್ಣ ಕ್ಯಾಬಿನೆಟ್‌ಗಳಲ್ಲಿ ಅರ್ಧ ಎತ್ತರದ ಕಾರ್ಡು ಮಾತ್ರ ಹಿಡಿಯುತ್ತದೆ. ಅವುಗಳ ಎಸ್‌ಎಂಪಿಎಸ್ ಕೂಡ ಹಲವು ವೇಳೆ ಬೇರೆಯದರಿಂದ ಬದಲಿಸಲಾಗದ ಮಾದರಿಯದು. ಕ್ಯಾಬಿನೆಟ್ ತೆರೆದು ಅಳೆಯದೆ ಕಾರ್ಡು ಕೊಳ್ಳಬಾರದು.

ಪ್ರೊಸೆಸರ್, ಮದರ್‌ಬೋರ್ಡ್‌ಗಳನ್ನೇ ಬದಲಿಸಬೇಕಾದ ಸ್ಥಿತಿ ಬಂದರೆ ಅಲ್ಲಿಗೆ ನಿಲ್ಲಿಸುವುದು ಜಾಣತನ. ಅದು ದುರಸ್ತಿಯ ಹೆಸರಿನಲ್ಲಿ ಹೊಸ ಕಂಪ್ಯೂಟರನ್ನೇ ಕೊಂಡಂತೆ.

ಸುರಕ್ಷತೆ ಮತ್ತು ಬಿಲ್ಲು

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೆಯ ಯಂತ್ರಗಳಲ್ಲಿ ಬಹಳಷ್ಟು ವಿಂಡೋಸ್ 11ಕ್ಕೆ ಅರ್ಹವಲ್ಲ. ಅಂತಹವುಗಳಿಗೆ ಉಚಿತವಾದ ಲಿನಕ್ಸ್ ಮಿಂಟ್ ಇದೆ; ಮೈನ್‌ಕ್ರಾಫ್ಟ್‌ನ ಜಾವಾ ಆವೃತ್ತಿ ಅದರಲ್ಲಿಯೂ ನಡೆಯುತ್ತದೆ. ಮಾಡ್‌ಗಳ ವಿಷಯದಲ್ಲಿಯೂ ಎಚ್ಚರ ಬೇಕು. 2023ರ ಜೂನ್‌ನಲ್ಲಿ ‘ಫ್ರ್ಯಾಕ್ಚರೈಸರ್’ ಎಂಬ ಕುತಂತ್ರಾಂಶ ಮೈನ್‌ಕ್ರಾಫ್ಟ್ ಮಾಡ್‌ಗಳೊಳಗೆ ಅಡಗಿ ಹರಡಿತ್ತು. ಬ್ರೌಸರ್‌ನಲ್ಲಿ ಉಳಿಸಿದ್ದ ಪಾಸ್‌ವರ್ಡ್‌ಗಳನ್ನು ಕದಿಯುವುದು ಅದರ ಕೆಲಸವಾಗಿತ್ತು. ತಂದೆಯ ಬ್ಯಾಂಕ್ ಖಾತೆಯನ್ನು ತೆರೆಯುವ ಯಂತ್ರದಲ್ಲಿ ಮಕ್ಕಳ ಆಟಕ್ಕೆ ಬೇರೆಯೇ ಯೂಸರ್ ಅಕೌಂಟ್ ಇರಲಿ, ಪಾಸ್‌ವರ್ಡ್ ಬ್ರೌಸರ್‌ನಲ್ಲಿ ಉಳಿಯದಿರಲಿ.

ಕೊಳ್ಳುವಾಗ ಬಿಲ್ಲನ್ನು ಕೇಳಿ ಪಡೆಯುವುದು ಗಡಿಭಾಗದವರಿಗೆ ಇನ್ನೂ ಮುಖ್ಯ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ವ್ಯಾಪಾರದ ನಂಟು ಮಾತ್ರ ಬಳ್ಳಾರಿಯೊಡನೆ ಉಳಿಯಿತು. ಬಳ್ಳಾರಿಯಲ್ಲಿ ಕೊಂಡ ರ‍್ಯಾಮ್ ಕೆಟ್ಟರೆ ಕರ್ನಾಟಕದಲ್ಲಿಯೇ ದೂರು ಕೊಡಬೇಕೆ ಎಂಬ ಅಂಜಿಕೆ ಸಹಜ. 2020ರ ಜುಲೈ 20ರಂದು ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ಈ ಅಂಜಿಕೆಯನ್ನು ನಿವಾರಿಸಿದೆ. ದೂರುದಾರನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ಹಾಲಹರವಿಯವರಿಗೆ ಅದು ಕರ್ನೂಲು ಜಿಲ್ಲಾ ಆಯೋಗ. ಐದು ಲಕ್ಷ ರೂಪಾಯಿಯವರೆಗಿನ ಖರೀದಿಗೆ ಶುಲ್ಕವಿಲ್ಲ. ಕಾಲಮಿತಿ ಎರಡು ವರ್ಷ. ದೋಷಯುಕ್ತ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನಗಳೊಳಗೆ, ಹಿಂಪಡೆಯಲು ನಿರಾಕರಿಸುವುದನ್ನು ಈ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿಯೆಂದು ಕರೆಯುತ್ತದೆ. ದೂರಿಗೆ ಮುನ್ನ ಸಲಹೆ ಬೇಕಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಬಿಲ್ಲಿನಲ್ಲಿ ವಸ್ತುವಿನ ಸೀರಿಯಲ್ ಸಂಖ್ಯೆ ಬರೆಯಿಸಿಕೊಂಡರೆ ವಾರಂಟಿಗೂ ದೂರಿಗೂ ಅದೇ ಸಾಕ್ಷ್ಯ.

ರಜೆ ಆರಂಭವಾಗುವ ಮೊದಲೇ ಒಂದು ಭಾನುವಾರ ತಂದೆತಾಯಿಯರು ಮಕ್ಕಳೊಡನೆ ಕುಳಿತು ಕ್ಯಾಬಿನೆಟ್ ತೆರೆಯಲಿ. ದೂಳು ಒರೆಸಿ, ರ‍್ಯಾಮ್‌ನ ಮಾದರಿಯನ್ನೂ ಎಸ್‌ಎಂಪಿಎಸ್‌ನ ವ್ಯಾಟ್ ಸಂಖ್ಯೆಯನ್ನೂ ಒಂದು ಚೀಟಿಯಲ್ಲಿ ಬರೆದುಕೊಳ್ಳಲಿ. ಅಂಗಡಿಗೆ ಹೋಗುವಾಗ ಆ ಚೀಟಿ ಕೈಯಲ್ಲಿದ್ದರೆ ಬೇಕಾದದ್ದನ್ನು ಮಾತ್ರ ಕೇಳಿ ಕೊಳ್ಳಬಹುದು.