ಕೆರೆಯಿಲ್ಲದ ಸಾಮ್ರಾಜ್ಯ

ಮಹದೇವಪುರ, ಹೂಡಿ, ಗರುಡಾಚಾರ್‌ಪಾಳ್ಯ, ಕಾಡುಗೋಡಿಗಳ ಬಹುಮಹಡಿ ವಸತಿಗಳಲ್ಲಿ ಇಂದು ಸಂಸಾರ ಹೂಡಿರುವ ತಂದೆತಾಯಿಗಳಲ್ಲಿ ಅನೇಕರು, ಈ ಶತಮಾನದ ಆದಿಭಾಗದಲ್ಲಿ ಕಾಲೇಜು ವಿದ್ಯಾರ್ಥಿಗಳಾಗಿದ್ದಾಗ, ಗಂಟೆಯ ಲೆಕ್ಕದಲ್ಲಿ ಹಣ ತೆತ್ತು ಸೈಬರ್ ಕೆಫೆಯ ಇಕ್ಕಟ್ಟಾದ ಗೂಡುಗಳಲ್ಲಿ ಕುಳಿತು, ಒಬ್ಬರ ರಾಜ್ಯವನ್ನು ಮತ್ತೊಬ್ಬರು ಮುತ್ತುತ್ತ, ‘ಏಜ್ ಆಫ್ ಎಂಪೈರ್ಸ್’ ಎಂಬ ಆಟವನ್ನು ಮನದಣಿಯೆ ಆಡಿದವರು. ಅವರ ಮಕ್ಕಳು ಈಗ ಮಾಧ್ಯಮಿಕ ಶಾಲೆಯ ಇತಿಹಾಸದ ಪುಸ್ತಕವನ್ನು ಕೈಯಲ್ಲಿ ಹಿಡಿದಿದ್ದಾರೆ. ತಾವು ಓದಿದ ಕಥೆ, ತಾವು ಕೇಳಿದ ಹಾಡು, ತಾವು ಉಂಡ ಊಟ ಇವುಗಳ ರುಚಿಯನ್ನು ಮಕ್ಕಳಿಗೂ ಹತ್ತಿಸಬೇಕೆಂಬ ಹಂಬಲ ಎಲ್ಲ ಕಾಲದ ಹೆತ್ತವರಲ್ಲಿಯೂ ಇದ್ದದ್ದೇ. ಈ ತಲೆಮಾರಿನವರು ಆ ಸಾಲಿಗೆ ಕಂಪ್ಯೂಟರಿನ ಆಟವೊಂದನ್ನೂ ಸೇರಿಸಿದ್ದಾರೆ. ಅವರಲ್ಲಿ ನಾನೂ ಒಬ್ಬನಾದುದರಿಂದ, ಈ ಆಟದಿಂದ ಮಕ್ಕಳು ಏನನ್ನು ಕಲಿಯುತ್ತಾರೆ, ಅದು ಕಲಿಸದೆ ಬಿಟ್ಟುದನ್ನು ನಮ್ಮ ನೆರೆಯಲ್ಲಿಯೇ ಎಲ್ಲಿ ಹುಡುಕಬಹುದು ಎಂಬುದನ್ನು ಕುರಿತು ಕೆಲವು ಮಾತು ಹೇಳಬೇಕೆನಿಸಿದೆ.

ಆಟವನ್ನರಿಯದ ಓದುಗರಿಗಾಗಿ ಅದರ ಪರಿಚಯ ಸಂಕ್ಷೇಪವಾಗಿ ಇಷ್ಟು. ಅಮೆರಿಕದ ಎನ್‌ಸೆಂಬಲ್ ಸ್ಟುಡಿಯೋಸ್ ರಚಿಸಿ ಮೈಕ್ರೋಸಾಫ್ಟ್ ಪ್ರಕಟಿಸಿದ ಈ ಸರಣಿಯ ಮೊದಲ ಆಟ ಹೊರಬಂದುದು 1997ರಲ್ಲಿ. ಮಧ್ಯಯುಗವನ್ನು ವಸ್ತುವಾಗುಳ್ಳ ಎರಡನೆಯ ಆಟ 1999ರಲ್ಲಿ. ಆಟಗಾರನಿಗೆ ಮೊದಲು ದೊರೆಯುವುದು ಊರ ನಡುವಣ ಒಂದು ಕಟ್ಟಡ, ಕೆಲವೇ ಮಂದಿ ಗ್ರಾಮಸ್ಥರು, ಸುತ್ತಲೂ ಕತ್ತಲೆ ಕವಿದ ಅಪರಿಚಿತ ನೆಲ. ಗ್ರಾಮಸ್ಥರಿಂದ ಮರ ಕಡಿಸಿ, ಬೇಟೆಯಾಡಿಸಿ, ಬೇಸಾಯ ಮಾಡಿಸಿ, ಚಿನ್ನವನ್ನೂ ಕಲ್ಲನ್ನೂ ಅಗೆಸಿ, ಹಾಗೆ ಕೂಡಿಟ್ಟ ದ್ರವ್ಯದಿಂದ ಮನೆ, ಕಮ್ಮಾರಸಾಲೆ, ಕೋಟೆಗಳನ್ನು ಕಟ್ಟಿ, ಯುಗದಿಂದ ಯುಗಕ್ಕೆ ಏರುತ್ತ, ಕೊನೆಗೆ ಸೈನ್ಯ ಕೂಡಿಸಿ ಎದುರಾಳಿಯನ್ನು ಗೆಲ್ಲಬೇಕು. ಜೋನ್ ಆಫ್ ಆರ್ಕ್, ಸಲಾದಿನ್, ಚಂಗೀಸ್ ಖಾನ್ ಮೊದಲಾದವರ ಚರಿತ್ರೆಗಳನ್ನು ಅನುಸರಿಸಿ ಆಡುವ ಕಥಾಭಾಗಗಳೂ, ಆಯಾ ಜನಾಂಗಗಳ ಇತಿಹಾಸವನ್ನು ತಿಳಿಸುವ ಟಿಪ್ಪಣಿಗಳೂ ಅದರಲ್ಲಿದ್ದುವು. ಸಲಾದಿನ್ ಎಂಬ ಹೆಸರನ್ನು ನಮ್ಮ ವಯಸ್ಸಿನ ಅದೆಷ್ಟೋ ಮಂದಿ ಮೊದಲು ಕೇಳಿದುದು ಯಾವ ಮೇಷ್ಟರ ಬಾಯಿಂದಲೂ ಅಲ್ಲ, ಈ ಆಟದಿಂದ. ಇಂತಹ ಆಟಕ್ಕೆ ಬೇಕಾದ ಇತಿಹಾಸಸಾಮಗ್ರಿಯನ್ನು ಗ್ರಂಥಾಲಯದ ಮಕ್ಕಳ ವಿಭಾಗದಿಂದಲೇ ಪಡೆಯಬಹುದೆಂದು ಅದರ ವಿನ್ಯಾಸಕರಲ್ಲೊಬ್ಬರಾದ ಬ್ರೂಸ್ ಶೆಲ್ಲಿ ಬರೆದಿದ್ದಾರೆ. ಇದನ್ನು ನಾನು ಕೊರತೆಯೆಂದು ಭಾವಿಸುವುದಿಲ್ಲ. ಮಕ್ಕಳ ಕುತೂಹಲ ಎಲ್ಲಿಂದ ಮೊದಲಾಗುತ್ತದೆಯೋ ಅಲ್ಲಿಂದಲೇ ಆಟವೂ ಮೊದಲಾಯಿತೆಂದು ಭಾವಿಸುತ್ತೇನೆ.

ಕಂಪ್ಯೂಟರಿನಿಂದ ಇತಿಹಾಸ ಕಲಿಸುವ ಉಪಾಯ ಇದಕ್ಕಿಂತಲೂ ಹಳೆಯದು. 1971ರ ಡಿಸೆಂಬರಿನಲ್ಲಿ, ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ಎಂಟನೆಯ ತರಗತಿಗೆ ಇತಿಹಾಸ ಬೋಧಿಸುತ್ತಿದ್ದ ಡಾನ್ ರಾವಿಚ್ ಎಂಬ, ಇನ್ನೂ ತರಬೇತಿಯಲ್ಲಿದ್ದ ಶಿಕ್ಷಕರು, ಗಣಿತ ಬಲ್ಲ ಇಬ್ಬರು ಮಿತ್ರರ ನೆರವಿನಿಂದ, ‘ದಿ ಆರೆಗನ್ ಟ್ರೇಲ್’ ಎಂಬ ಆಟವನ್ನು ರಚಿಸಿ ತಮ್ಮ ವಿದ್ಯಾರ್ಥಿಗಳ ಮುಂದಿಟ್ಟರು. ಹತ್ತೊಂಬತ್ತನೆಯ ಶತಮಾನದಲ್ಲಿ ಬಂಡಿ ಕಟ್ಟಿಕೊಂಡು ಪಶ್ಚಿಮಕ್ಕೆ ಹೊರಟ ವಲಸೆಗಾರರ ಪ್ರಯಾಣ ಅದರ ವಸ್ತು. ಪರದೆಯೂ ಇಲ್ಲದ ಆ ಕಾಲದಲ್ಲಿ, ಟೆಲಿಪ್ರಿಂಟರಿನ ಕಾಗದದ ಮೇಲೆ ಯಂತ್ರ ಅಚ್ಚಿಸುತ್ತಿದ್ದ ಸಾಲುಗಳನ್ನು ಓದಿ ಮಕ್ಕಳು ಆಡುತ್ತಿದ್ದರು. ಕೆಲವು ವರ್ಷಗಳ ಬಳಿಕ ರಾವಿಚ್ ಅವರು ಅದನ್ನು ತಿದ್ದುವಾಗ, ಆ ಹಾದಿಯಲ್ಲಿ ನಡೆದಿದ್ದ ವಲಸೆಗಾರರ ದಿನಚರಿಗಳನ್ನು ಓದಿ, ರೋಗ, ಬಿರುಗಾಳಿ, ಮುರಿದ ಗಾಲಿ ಇವು ಎಷ್ಟು ಸಲ ಎದುರಾಗುತ್ತಿದ್ದುವೋ ಅದಕ್ಕೆ ಹೊಂದುವಂತೆ ಆಟದ ಆಕಸ್ಮಿಕಗಳನ್ನು ಅಳವಡಿಸಿದರು. ಶಿಕ್ಷಕನೊಬ್ಬನ ಈ ಶ್ರದ್ಧೆಯನ್ನು ನೆನೆದಾಗಲೆಲ್ಲ ನನಗೆ ಗೌರವ ಉಕ್ಕುತ್ತದೆ. ಆದರೆ ಆ ನೆಲದ ಮೂಲನಿವಾಸಿಗಳ ಕಣ್ಣಿನಿಂದ ಆ ಪ್ರಯಾಣ ಹೇಗೆ ಕಂಡೀತೆಂಬುದು ಬಹು ದೀರ್ಘಕಾಲ ಆಟದ ಹೊರಗೇ ಉಳಿಯಿತು. 2021ರ ಹೊಸ ಆವೃತ್ತಿಯಲ್ಲಿ, ಆ ಜನಾಂಗಗಳ ವಿದ್ವಾಂಸರನ್ನೇ ಕೇಳಿ, ಅದನ್ನು ತಕ್ಕಮಟ್ಟಿಗೆ ಸರಿಪಡಿಸಲಾಯಿತು. ಆಟವೆಂಬುದು ಏನನ್ನಾದರೂ ಬಿಟ್ಟೇ ಹೇಳುತ್ತದೆ. ಆ ಬಿಟ್ಟುದನ್ನು ಕೇಳಲು ಮಗುವಿನ ಪಕ್ಕದಲ್ಲಿ ಹಿರಿಯರೊಬ್ಬರು ಕುಳಿತಿರಬೇಕು.

ನಾವು ಆಡಿದ ದಿನಗಳಲ್ಲಿ ಈ ಮಧ್ಯಯುಗದ ಆಟದೊಳಗೆ ಭಾರತವೇ ಇರಲಿಲ್ಲ. 2022ರ ಏಪ್ರಿಲಿನಲ್ಲಿ ‘ಡೈನಾಸ್ಟೀಸ್ ಆಫ್ ಇಂಡಿಯಾ’ ಎಂಬ ಅನುಬಂಧ ಬಂದು, ದ್ರಾವಿಡರು, ಬಂಗಾಳಿಗಳು, ಗುರ್ಜರರು ಎಂಬ ಹೊಸ ಜನಾಂಗಗಳೂ, ಚೋಳ ಚಕ್ರವರ್ತಿ ರಾಜೇಂದ್ರನ ಕಥಾಭಾಗವೂ ಅದಕ್ಕೆ ಸೇರಿದುವು. ನನ್ನ ಮಕ್ಕಳೊಡನೆ ಆಡಲು ನಾನು ಆರಿಸಿಕೊಂಡುದು ಅದನ್ನೇ. ರಾಜೇಂದ್ರನ ಸೇನೆ ಗಂಗೆಯವರೆಗೆ ಹೋದುದನ್ನೂ, 1025ರ ಸುಮಾರಿನಲ್ಲಿ ಅವನ ನೌಕಾಬಲ ಕಡಲನ್ನು ದಾಟಿ ಶ್ರೀವಿಜಯದ ಮೇಲೆ ಎರಗಿದುದನ್ನೂ ಅವರು ಪಠ್ಯಪುಸ್ತಕದ ಎರಡು ಸಾಲುಗಳಲ್ಲಿ ಓದಿದ್ದರು. ಹಡಗುಗಳನ್ನು ತಾವೇ ಕಟ್ಟಿ ತೇಲಿಬಿಟ್ಟ ಮೇಲೆ ಆ ಸಾಲುಗಳಿಗೆ ಜೀವ ಬಂದಿತು.

ಒಂದು ಸಂಜೆ ಮಗಳು ಹೊಲಗಳನ್ನು ಹೂಡಿಸುತ್ತಿದ್ದಳು. ಆಟದ ನಿಯಮದಂತೆ ಒಂದು ಹೊಲಕ್ಕೆ ತಗಲುವ ವೆಚ್ಚ ಅರವತ್ತು ಪಾಲು ಮರ. ಗ್ರಾಮಸ್ಥನೊಬ್ಬ ಅದರಲ್ಲಿ ದುಡಿದು ಧಾನ್ಯವನ್ನೆಲ್ಲ ತೆಗೆದ ಬಳಿಕ ಹೊಲ ಬರಡಾಗುತ್ತದೆ. ಮತ್ತೆ ಅರವತ್ತು ಪಾಲು ಮರವನ್ನು ಕೊಟ್ಟರೆ ಮತ್ತೆ ಹಸುರಾಗುತ್ತದೆ. ಅವಳು ಕೈಯನ್ನು ಮೌಸಿನ ಮೇಲೆಯೇ ನಿಲ್ಲಿಸಿ, “ಅಪ್ಪಾ, ಹೊಲಕ್ಕೆ ಮರ ಯಾಕೆ? ನೀರು ಬೇಡ್ವಾ? ಇವರು ನೀರು ಎಲ್ಲಿಂದ ತರ್ತಾರೆ?” ಎಂದು ಕೇಳಿದಳು. ಅವಳ ತಮ್ಮನಿಗೆ ಅವಸರ. “ಅಕ್ಕಾ, ಆ ಕಡೆಯಿಂದ ಕುದುರೆ ಬರ್ತಿದೆ, ನೋಡೇ” ಎಂದು ಕೂಗಿಕೊಂಡ. ನಾನು ಆಟವನ್ನು ತಡೆದು ನಿಲ್ಲಿಸಿದೆ. ನೋಡಿದರೆ ಅವಳ ಮಾತು ದಿಟ. ಆ ಆಟದಲ್ಲಿ ನದಿಯುಂಟು, ಸಮುದ್ರವುಂಟು. ಆದರೆ ಅವು ಮೀನು ಹಿಡಿಯುವುದಕ್ಕೆ, ಹಡಗು ನಡೆಸುವುದಕ್ಕೆ. ಬೆಳೆಗೆ ನೀರು ಹಾಯಿಸುವ ಕೆರೆಯಿಲ್ಲ, ಕಾಲುವೆಯಿಲ್ಲ, ಬಾವಿಯಿಲ್ಲ. ಮಳೆ ಬಾರದೆ ಹೋಗುವ ವರ್ಷವಿಲ್ಲ. ಜೀವನದಿಯೊಂದೂ ಹರಿಯದ ಬೆಂಗಳೂರು–ಕೋಲಾರದ ಈ ಮೇಲ್ನಾಡಿನಲ್ಲಿ ಹಾಗೆ ರಾಜ್ಯ ಕಟ್ಟಲು ಹೊರಟವನು ಎರಡು ಬೇಸಗೆಯನ್ನೂ ಕಳೆಯಲಾರನು.

ಈ ಪ್ರಶ್ನೆಗೆ ಉತ್ತರ ನಮ್ಮ ಮನೆಯಿಂದ ದೂರವೇನೂ ಇರಲಿಲ್ಲ. ಐ.ಟಿ.ಪಿ.ಎಲ್. ಕಟ್ಟಡಗಳು ಎದ್ದಿರುವ ಪಟ್ಟಂದೂರು ಅಗ್ರಹಾರದ ಕೆರೆಯ ಹುಟ್ಟು ಶಾಸನದಲ್ಲಿ ದಾಖಲಾಗಿದೆ. ಕಾಡುಗೋಡಿಯ ಕಾಶಿ ವಿಶ್ವೇಶ್ವರ ದೇವಾಲಯದಲ್ಲಿರುವ ಆ ಶಾಸನದ ಕಾಲ ಕ್ರಿ.ಶ. 1043, ಆಗ ಆಳುತ್ತಿದ್ದವನು ಮಕ್ಕಳು ಪರದೆಯ ಮೇಲೆ ಗೆಲ್ಲಿಸುತ್ತಿದ್ದ ಅದೇ ರಾಜೇಂದ್ರ ಚೋಳನು. ಪೆರ್ಮಾಡಿ ಗಾವುಂಡನ ಮಗನಾದ ರಾಜರಾಜ ವೇಳಾನ್ ಎಂಬವನು ಪಟ್ಟಂದೂರಿನಲ್ಲಿ ತೂಬುಗಳ ಸಹಿತ ಕೆರೆಯನ್ನು ಕಟ್ಟಿಸಿ, ಗಣಪತಿ, ದುರ್ಗೆ, ಕ್ಷೇತ್ರಪಾಲರ ಗುಡಿಗಳನ್ನು ಮಾಡಿಸಿದನೆಂದು ಅದು ಹೇಳುತ್ತದೆ. 1004ರ ಸುಮಾರಿಗೆ ಚೋಳರು ಗಂಗರಿಂದ ತಲಕಾಡನ್ನು ಹಿಡಿದು ಗಂಗವಾಡಿಯನ್ನು ಒಳಗೊಂಡರೆಂದು ನಾವು ಓದುತ್ತೇವೆ. ಆ ದೊಡ್ಡ ರಾಜಕೀಯ ಪರಿವರ್ತನೆ, ಗಂಗರ ಕಾಲದ ರೀತಿಯ ಹೆಸರನ್ನು ಹೊತ್ತ ತಂದೆ ಮತ್ತು ಚೋಳ ಚಕ್ರವರ್ತಿಯ ಹೆಸರನ್ನು ಹೊತ್ತ ಮಗ, ಈ ಎರಡೇ ತಲೆಮಾರುಗಳಲ್ಲಿ, ನಮ್ಮ ಊರಿನ ಒಂದೇ ಮನೆಯೊಳಗೆ ಕಾಣಿಸಿಕೊಳ್ಳುವುದನ್ನು ಕಂಡರೆ ನನಗಂತೂ ರೋಮಾಂಚವಾಗುತ್ತದೆ.

ತೂಬು ಎಂದರೇನೆಂದು ಮಕ್ಕಳಿಗೆ ತಿಳಿದಿರಲಿಲ್ಲ. ಕಾಗದದ ಮೇಲೆ ಬರೆದು ತೋರಿಸಿದೆ: ಏರಿಯ ಒಳಮಗ್ಗುಲಲ್ಲಿ, ನೀರಿನ ನಡುವೆ, ಎರಡು ಕಲ್ಲುಕಂಬಗಳು, ಅವುಗಳ ನಡುವೆ ಅಡ್ಡಹಾಸಿದ ಚಪ್ಪಡಿಗಳಲ್ಲಿ ರಂಧ್ರ, ಆ ರಂಧ್ರದ ಮೂಲಕ ಇಳಿಬಿಟ್ಟ ಉದ್ದನೆಯ ಮರದ ಗಳು, ಅದರ ತುದಿಯಲ್ಲಿ ಬೆಣೆ. ಗಳುವನ್ನು ಮೇಲೆತ್ತಿದರೆ, ತಳದ ಕಿಂಡಿಯಿಂದ ನುಗ್ಗಿದ ನೀರು ಏರಿಯ ಅಡಿಯಲ್ಲಿ ಹಾದು ಕಾಲುವೆಗೆ ಬೀಳುತ್ತದೆ, ಇಳಿಸಿದರೆ ನಿಲ್ಲುತ್ತದೆ. ಯಾರ ಗದ್ದೆಗೆ ಎಷ್ಟು ಹೊತ್ತು ಬಿಡಬೇಕೆಂಬುದನ್ನು ನೋಡಿಕೊಳ್ಳುವವನು ನೀರುಗಂಟಿ. ಕೆರೆ ತುಂಬಿದಾಗ ಏರಿ ಒಡೆಯದಂತೆ ಹೆಚ್ಚಿನ ನೀರು ಹೊರಬೀಳುವುದು ಕೋಡಿಯಿಂದ; ಕೋಡಿಯ ನೀರು ಹರಿದು ಕೆಳಗಿನ ಮತ್ತೊಂದು ಕೆರೆಯನ್ನು ಸೇರುತ್ತದೆ. ಮಗ ಇದನ್ನೆಲ್ಲ ಬಲು ಗಮನವಿಟ್ಟು ಕೇಳಿ, ಬೆಣೆ ಕೊಚ್ಚಿಹೋದರೆ ಏನು ಮಾಡುತ್ತಿದ್ದರೆಂದು ಕೇಳಿದ. ಕುದುರೆಗಳ ಯೋಚನೆ ಅವನಿಗೆ ಆಗ ಮರೆತಿತ್ತು.

ಮರುವಾರ ನಮ್ಮ ನೆರೆಯ ವಿಭೂತಿಪುರದ ಮಾತು ಬಂದಿತು. ಅಲ್ಲಿಯ 1307ರ ತಮಿಳು ಶಾಸನ ಹೊಯ್ಸಳ ಮುಮ್ಮಡಿ ಬಲ್ಲಾಳನ ಕಾಲದ್ದು. ಕಾಡು ಕಡಿದು, ನೆಲವನ್ನು ಹಸನುಮಾಡಿ, ಊರನ್ನೂ ಕೆರೆಯನ್ನೂ ಕಟ್ಟಿದ ಸಂಗತಿ ಅದರಲ್ಲಿದೆ. ಮಕ್ಕಳು ಪರದೆಯ ಮೇಲೆ ಮಾಡುತ್ತಿದ್ದುದೂ ಇದನ್ನೇ ಅಲ್ಲವೆ, ಕೆರೆಯೊಂದರ ಹೊರತು! ಇನ್ನು ರಾಜೇಂದ್ರನ ವಿಷಯ: ಗಂಗೆಯ ನೀರನ್ನು ತರಿಸಿ ತನ್ನ ಹೊಸ ರಾಜಧಾನಿ ಗಂಗೈಕೊಂಡಚೋಳಪುರದಲ್ಲಿ ಅವನು ನಿರ್ಮಿಸಿದ ಮಹಾತಟಾಕವನ್ನು ತಿರುವಾಲಂಗಾಡು ತಾಮ್ರಶಾಸನ ನೀರಿನಿಂದಲೇ ನಿಲ್ಲಿಸಿದ ವಿಜಯಸ್ತಂಭವೆಂದು ವರ್ಣಿಸಿದೆ. ದಿಗ್ವಿಜಯದ ಗುರುತಾಗಿ ಚಕ್ರವರ್ತಿ ಒಂದು ಕೆರೆಯನ್ನು ಕಟ್ಟಿಸಿದನು. ಅವನ ರಾಜ್ಯದ ವಾಯವ್ಯದ ಅಂಚಿನಲ್ಲಿ, ನಮ್ಮ ಕಾಡುಗೋಡಿಯ ಬಳಿ, ಅವನ ಅಧೀನನೊಬ್ಬ ಮತ್ತೊಂದನ್ನು ಕಟ್ಟಿಸಿದನು. ಆಟ ದಿಗ್ವಿಜಯವನ್ನು ಮಾತ್ರ ಉಳಿಸಿಕೊಂಡಿದೆ.

ಹಾಗೆಂದು ಶಿಲಾಶಾಸನ ಎಲ್ಲವನ್ನೂ ಹೇಳುತ್ತದೆಯೆಂದು ಭಾವಿಸಬಾರದು. ಪಟ್ಟಂದೂರಿನ ಏರಿಗೆ ಮಣ್ಣು ಹೊತ್ತವರು ಯಾರು, ಅವರಿಗೆ ಕೂಲಿ ಏನು ಸಂದಿತು ಎಂಬುದನ್ನು ಕಲ್ಲು ನುಡಿಯುವುದಿಲ್ಲ. ಆಟದ ಗ್ರಾಮಸ್ಥನಿಗೆ ಹೆಸರಿಲ್ಲದಂತೆಯೇ ಅವರಿಗೂ ಹೆಸರಿಲ್ಲ. ಇದನ್ನು ಮಗಳೇ ಎತ್ತಿ ಆಡಿದಳೆಂಬುದು ನನಗೆ ಪರಮ ಸಂತೋಷದ ವಿಷಯ. ಇತಿಹಾಸವನ್ನು ಓದುವವರು ಮೊದಲು ಕಲಿಯಬೇಕಾದ ಪ್ರಶ್ನೆಯನ್ನು ಅವಳು, ಗೆಲ್ಲುವುದಕ್ಕಾಗಿ ಆಡುವ ಒಂದು ಆಟದಿಂದ ಹೊರಟು, ತಾನಾಗಿಯೇ ಕಂಡುಕೊಂಡಳು.

ಈ ಭಾಗದ ಮಕ್ಕಳಿಗೆ ಕೆರೆ ಎಂಬುದು ಬರಿಯ ಗತಕಾಲದ ವಿಷಯವೂ ಅಲ್ಲ. 2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಮಹದೇವಪುರ ವಲಯದ ಬಡಾವಣೆಗಳೂ ಹೊರವರ್ತುಲ ರಸ್ತೆಯೂ ಜಲಾವೃತವಾಗಿ, ಸಾಫ್ಟ್‌ವೇರ್ ಉದ್ಯೋಗಿಗಳು ಟ್ರ್ಯಾಕ್ಟರುಗಳನ್ನೇರಿ ಕಚೇರಿಗೆ ಹೋದುದನ್ನು ಅವರು ಕಣ್ಣಾರೆ ಕಂಡಿದ್ದಾರೆ. ಕೋಡಿಯ ನೀರನ್ನು ಒಂದು ಕೆರೆಯಿಂದ ಇನ್ನೊಂದಕ್ಕೆ ಒಯ್ಯಬೇಕಾಗಿದ್ದ ರಾಜಕಾಲುವೆಗಳನ್ನು ಒತ್ತಿ ಕಟ್ಟಡಗಳು ಎದ್ದಿರುವಾಗ, ಮಳೆ ತನ್ನ ಹಳೆಯ ಹಾದಿಯನ್ನೇ ಹಿಡಿಯಿತು. ತೂಬು, ಕೋಡಿ, ಕಾಲುವೆಗಳ ಚಿತ್ರವನ್ನು ಮೊದಲೇ ನೋಡಿದ್ದ ನನ್ನ ಮಕ್ಕಳಿಗೆ ಇದನ್ನು ತಿಳಿಸಲು ನನಗೆ ಹೆಚ್ಚು ಮಾತು ಬೇಕಾಗಲಿಲ್ಲ.

ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ ಅವರು ‘ಎಪಿಗ್ರಾಫಿಯ ಕರ್ನಾಟಿಕ’ದ ಒಂಬತ್ತನೆಯ ಸಂಪುಟವಾಗಿ 1905ರಲ್ಲಿ ಪ್ರಕಟಿಸಿದರು. ಅಂದು ದಾಖಲಾದ ಕಲ್ಲುಗಳಲ್ಲಿ ಹಲವು ರಸ್ತೆ ಅಗಲಿಸುವಾಗಲೋ, ಅಡಿಪಾಯ ತೋಡುವಾಗಲೋ ಕಣ್ಮರೆಯಾಗಿವೆ. ಉಳಿದವನ್ನು ಹುಡುಕಿ, ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ, ಕಂಪ್ಯೂಟರಿನ ಪರದೆಯ ಮೇಲೆ ತಿರುಗಿಸಿ ಓದಬಹುದಾದಂತೆ ಒದಗಿಸುವ ಕಾರ್ಯವನ್ನು ಬೆಂಗಳೂರಿನ ಮಿಥಿಕ್ ಸೊಸೈಟಿ ಕೈಗೊಂಡಿದೆ. ಮಕ್ಕಳಿಗೆ ಆಟವನ್ನು ತೋರಿಸುವ ಯಂತ್ರವೇ ಕಲ್ಲನ್ನೂ ತೋರಿಸಬಲ್ಲದು ಎಂಬುದು ಈ ಕಾಲದ ಒಂದು ಭಾಗ್ಯ.

ಆದುದರಿಂದ ಮಹದೇವಪುರ, ಕೃಷ್ಣರಾಜಪುರ, ವೈಟ್‌ಫೀಲ್ಡ್‌ಗಳ ತಂದೆತಾಯಿಗಳಲ್ಲಿಯೂ ಇತಿಹಾಸದ ಅಧ್ಯಾಪಕರಲ್ಲಿಯೂ ನನ್ನ ಬಿನ್ನಹವಿಷ್ಟೆ. ತಾವು ಹಿಂದೆ ಆಡಿದ ಆಟವನ್ನು ಮಕ್ಕಳ ಕೈಗೆ ಕೊಟ್ಟು ಎದ್ದುಹೋಗದೆ, ಅವರ ಪಕ್ಕದಲ್ಲಿ ಕುಳಿತು ಆಡಿರಿ. ಅವರು ಪ್ರಶ್ನೆ ಕೇಳಿದಾಗ ಆಟವನ್ನು ನಿಲ್ಲಿಸಿರಿ. ಬರುವ ರಜೆಯಲ್ಲಿ ಒಂದು ಬೆಳಗ್ಗೆ ಅವರನ್ನು ಕಾಡುಗೋಡಿಗೂ ವಿಭೂತಿಪುರಕ್ಕೂ ಕರೆದುಕೊಂಡು ಹೋಗಿರಿ. ಶಾಸನದ ಕಲ್ಲಿಗೆ ಎಣ್ಣೆಯನ್ನಾಗಲಿ ಬಣ್ಣವನ್ನಾಗಲಿ ಬಳಿಯಬಾರದೆಂದು ಅಲ್ಲಿಯೇ ತಿಳಿಯಹೇಳಿರಿ. ತಮ್ಮ ಬಡಾವಣೆಯ ಹಾದಿಬದಿಯಲ್ಲಿ ಅಕ್ಷರವಿರುವ ಕಲ್ಲೇನಾದರೂ ಕಣ್ಣಿಗೆ ಬಿದ್ದರೆ, ಅದು ಮಣ್ಣುಪಾಲಾಗುವ ಮುನ್ನ ಮಿಥಿಕ್ ಸೊಸೈಟಿಗೆ ಸುದ್ದಿ ಮುಟ್ಟಿಸಿರಿ.