ಪರದೇಶದ ಪ್ರಜಾಪ್ರಭುತ್ವವೂ ಕಾರ್ಮಿಕರ ನಿರಾಕರಣವೂ

ಬಹಿಷ್ಕಾರವೆಂಬ ಶಬ್ದವು ಕನ್ನಡದಲ್ಲಿ ಬಹುಕಾಲ, ಮನುಷ್ಯನನ್ನು ಕುಲದಿಂದಲೋ ಊರಿನಿಂದಲೋ ಹೊರಗಿಡುವುದೆಂಬ ಅರ್ಥದಲ್ಲಿ ಬಳಕೆಯಾಗುತ್ತಿದ್ದಿತು. ರಾಷ್ಟ್ರೀಯ ಚಳವಳಿಯ ಕಾಲದಲ್ಲಿ ವಿದೇಶೀ ವಸ್ತ್ರಕ್ಕೆ ಅನ್ವಯಿಸಲ್ಪಟ್ಟು, ವಸ್ತುವನ್ನು ಕೊಳ್ಳದೆ ತೊರೆಯುವುದೆಂಬ ಅರ್ಥವನ್ನೂ ಅದು ಪಡೆಯಿತು. ಇವೆರಡಕ್ಕೂ ಭಿನ್ನವಾದ ಮೂರನೆಯ ಬಗೆಯೊಂದುಂಟು: ಕೆಲಸಗಾರನು ಒಂದು ವಸ್ತುವಿಗೆ ತನ್ನ ಕೈಗೆಲಸವನ್ನೇ ನಿರಾಕರಿಸುವುದು. ಬ್ರಿಟನ್ನಿನ ಕಾರ್ಮಿಕರ ಆಡುನುಡಿಯಲ್ಲಿ ಇಂತಹ ಸರಕನ್ನು ‘ಕಪ್ಪು’ ಎನ್ನುವ ವಾಡಿಕೆಯಿದ್ದಿತು. ಮುಷ್ಕರದಲ್ಲಿ ಕೆಲಸವೆಲ್ಲ ನಿಲ್ಲುವುದು, ಬೇಡಿಕೆಯೂ ಸಾಮಾನ್ಯವಾಗಿ ಸ್ವಹಿತದ್ದಾಗಿರುವುದು. ಇಲ್ಲಿಯಾದರೋ ನಿಲ್ಲುವುದು ಒಂದೇ ಕೆಲಸ, ಅದೂ ಕಂಡರಿಯದ ಜನರ ಹಿತಕ್ಕಾಗಿ. ಈ ಭೇದವನ್ನು ಸ್ಪಷ್ಟಪಡಿಸುವ ನಿದರ್ಶನವು ಚಿಲಿ ದೇಶದ ಇತಿಹಾಸದಲ್ಲಿ ದೊರೆಯುತ್ತದೆ.

1970ರಲ್ಲಿ ಚುನಾಯಿತರಾದ ಅಧ್ಯಕ್ಷ ಸಾಲ್ವಡೊರ್ ಅಯ್ಯೆಂದೆಯವರ ಸರಕಾರವನ್ನು 1973ನೆಯ ಸೆಪ್ಟೆಂಬರ್ 11ರಂದು ಸೈನ್ಯವು ಉರುಳಿಸಿತು. ರಾಜಧಾನಿಯಾದ ಸಾಂತಿಯಾಗೋದಲ್ಲಿ ಲಾ ಮೊನೆದಾ ಅರಮನೆಯ ಮೇಲೆ ದಾಳಿಯಿಟ್ಟ ವಿಮಾನಗಳು ಬ್ರಿಟನ್ನಿನ ಹಾಕರ್ ಹಂಟರುಗಳು. ಅಧ್ಯಕ್ಷರು ಅಂದೇ ಮೃತರಾದರು. 1953ರಲ್ಲಿ ಸ್ಥಾಪಿತವಾಗಿದ್ದ ಕಾರ್ಮಿಕರ ಕೇಂದ್ರ ಸಂಘವು ಆ ತಿಂಗಳಲ್ಲಿಯೇ ನಿಷೇಧಕ್ಕೊಳಗಾಯಿತು. ಚಿಲಿಯ ಕೆಲಸಗಾರರ ಬಾಯಿ ಹೀಗೆ ಕಟ್ಟಿದುದರಿಂದ, ಅವರ ಪರವಾಗಿ ಆಡಬೇಕಾದ ಮಾತು ಅನ್ಯದೇಶಗಳ ಸಂಘಗಳ ಪಾಲಿಗೆ ಬಂದಿತು.

ಆ ವಿಮಾನಗಳ ಏವನ್ ಎಂಬ ಇಂಜಿನುಗಳನ್ನು ಕಾಲಕಾಲಕ್ಕೆ ಬಿಚ್ಚಿ, ಸವೆದ ಭಾಗಗಳನ್ನು ಬದಲಾಯಿಸಿ ಪರೀಕ್ಷಿಸಿದ ಹೊರತು ಅವು ಹಾರಾಟಕ್ಕೆ ಯೋಗ್ಯವಾಗುತ್ತಿರಲಿಲ್ಲ. ಈ ಕೆಲಸವು ನಡೆಯುತ್ತಿದ್ದುದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಬಳಿ, ಈಸ್ಟ್ ಕಿಲ್‌ಬ್ರೈಡಿನ ರೋಲ್ಸ್ ರಾಯ್ಸ್ ಕಾರ್ಖಾನೆಯಲ್ಲಿ. 1974ರಲ್ಲಿ ಅಲ್ಲಿನ ಪರೀಕ್ಷಕರಾದ ಬಾಬ್ ಫುಲ್ಟನ್ ಎಂಬವರು, ತಮ್ಮ ಮುಂದೆ ಬಂದ ಇಂಜಿನು ಚಿಲಿಯ ವಾಯುಸೇನೆಯದೆಂದು ತಿಳಿದು ಅದನ್ನು ಮುಟ್ಟಲೊಲ್ಲೆನೆಂದರು. ಸಂಗಡಿಗರೂ ಸಂಘವೂ ಅವರ ಬೆಂಬಲಕ್ಕೆ ನಿಂತುವು. ಇಂಜಿನುಗಳು ಕಾರ್ಖಾನೆಯ ಹೊರಾವರಣದಲ್ಲಿ ಮಳೆಗಾಳಿಗೆ ಸಿಕ್ಕಿ ನಾಲ್ಕು ವರ್ಷಗಳ ಕಾಲ ಬಿದ್ದಿದ್ದುವು. 1978ರಲ್ಲಿ ಒಂದು ರಾತ್ರಿ, ಕೆಲಸಗಾರರಿಗೆ ತಿಳಿಯದಂತೆ ಅವು ಅಲ್ಲಿಂದ ಸಾಗಿಸಲ್ಪಟ್ಟುವು. ಅದೇ ವರ್ಷ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಬಂದರು ಕಾರ್ಮಿಕರೂ ಚಿಲಿಗೆ ಹೋಗಬೇಕಾಗಿದ್ದ ಬಾಂಬಿನ ಭಾಗಗಳನ್ನು ಹಡಗಿಗೇರಿಸಲು ಒಪ್ಪಲಿಲ್ಲ.

ಪರರಾಜ್ಯಗಳೊಡನೆ ವ್ಯವಹರಿಸತಕ್ಕದ್ದು ಚುನಾಯಿತ ಸರಕಾರವಷ್ಟೆ; ಕೆಲಸಗಾರರು ಅದರಲ್ಲಿ ಕೈಹಾಕುವುದು ಪ್ರಜಾಪ್ರಭುತ್ವಕ್ಕೇ ವಿರುದ್ಧವಲ್ಲವೇ ಎಂಬ ಆಕ್ಷೇಪವುಂಟು. ಅದು ಹಗುರವಾದುದಲ್ಲ. 1974ರಲ್ಲಿ ಅಧಿಕಾರಕ್ಕೆ ಬಂದ ಬ್ರಿಟನ್ನಿನ ಲೇಬರ್ ಸರಕಾರವು ಚಿಲಿಗೆ ಹೊಸದಾಗಿ ಆಯುಧಗಳನ್ನು ಮಾರುವುದನ್ನು ನಿಲ್ಲಿಸಿತಾದರೂ, ಹಿಂದಿನ ಒಪ್ಪಂದಗಳಿಗೆ ಕಟ್ಟುಬಿದ್ದು ಯುದ್ಧನೌಕೆಗಳನ್ನು ಒಪ್ಪಿಸಿಕೊಟ್ಟಿತು. ಆದರೆ ಈಸ್ಟ್ ಕಿಲ್‌ಬ್ರೈಡಿನವರು ದೇಶದ ನೀತಿಯನ್ನು ಶಾಸನ ಮಾಡಲಿಲ್ಲ. ಇತರರ ಕೈಯನ್ನು ಹಿಡಿಯಲಿಲ್ಲ. ತಮ್ಮ ಕೈಯನ್ನು ಮಾತ್ರ ಹಿಂತೆಗೆದು, ಅದರಿಂದ ತಮ್ಮ ನೌಕರಿಗೆ ಬರಬಹುದಾಗಿದ್ದ ಕೇಡಿಗೆ ತಾವೇ ಒಳಗಾದರು. ಆಜ್ಞೆಗೂ ನಿರಾಕರಣಕ್ಕೂ ಇರುವ ಅಂತರವು ಇದೇ.

ಇದರ ಫಲವನ್ನು ಹಿಗ್ಗಿಸಿ ಹೇಳಬೇಕಾದುದಿಲ್ಲ. ಸೈನ್ಯದ ಆಳಿಕೆಯು 1990ರ ವರೆಗೂ ನಡೆಯಿತು. ಅದರ ಅಂತ್ಯಕ್ಕೆ ದಾರಿಮಾಡಿದುದು 1988ರ ಜನಮತಗಣನೆಯಲ್ಲಿ ಚಿಲಿಯ ಜನರೇ ಕೊಟ್ಟ ತೀರ್ಪು. ಆದರೂ ಆ ಜನರು ಇದನ್ನು ಮರೆಯಲಿಲ್ಲ. 2015ರಲ್ಲಿ ಚಿಲಿ ಸರಕಾರವು ಫುಲ್ಟನ್ನರನ್ನೂ ಅವರ ಸಂಗಡಿಗರಿಬ್ಬರನ್ನೂ ಗೌರವ ಪದವಿಯಿಂದ ಮನ್ನಿಸಿತು. ಚಿಲಿಯಿಂದ ದೇಶಾಂತರ ಹೋದವರೊಬ್ಬರ ಮಗನಾದ ಫೆಲಿಪೆ ಬುಸ್ತೋಸ್ ಸಿಯೆರ್ರಾ ಈ ವೃತ್ತಾಂತವನ್ನು ಕುರಿತು ನಿರ್ಮಿಸಿದ ಚಲಚ್ಚಿತ್ರವು 2018ರಲ್ಲಿ ತೆರೆಕಂಡಿತು. ಅದರ ಹೆಸರು ‘ನೇ ಪಸಾರಾನ್’. ಸ್ಪೇನಿನ ಅಂತರ್ಯುದ್ಧದಲ್ಲಿ ಮೊಳಗಿದ, ‘ಅವರು ದಾಟಲಾರರು’ ಎಂಬರ್ಥದ ‘ನೋ ಪಸಾರಾನ್’ ಎಂಬ ಘೋಷದಲ್ಲಿ, ‘ನೋ’ ಎಂಬುದರ ಸ್ಥಾನಕ್ಕೆ ಸ್ಕಾಟರ ಆಡುಮಾತಿನ ‘ನೇ’ ಬಂದಿದೆ. ಎರಡು ನುಡಿಗಳಲ್ಲಿಯೂ ಅದರ ಅರ್ಥವೊಂದೇ: ಇಲ್ಲ.